ಒಗೆಯದ ಬಟ್ಟೆ

ಕೈಯಲ್ಲಿ ಏನೂ ಇಲ್ಲದಿದ್ದಾಗಲೂ ಆಕೆ ಯಾರೋ ತನ್ನನ್ನು ಮುಂದಕ್ಕೆ ಎಳೆಯುತ್ತಿದ್ದಾರೆಂಬಂತೆ ಹಿಂದಕ್ಕೆ ವಾಲಿಯೇ ನಡೆಯುತ್ತಿದ್ದಳು. ಮೂವತ್ತು ವರ್ಷ ಪರರ ನಾಯಿಗಳನ್ನು ಬೆಳಗ್ಗೆ ಸಂಜೆ ಬೀದಿ ಸುತ್ತಿಸಿ ತಂದ ದೇಹ ಅದು; ಎರಡೂ ಮುಂಗೈಗೆ ಸುತ್ತಿಕೊಂಡ ಬೆಲ್ಟುಗಳ ಸೆಳೆತಕ್ಕೆ ಎದುರಾಗಿ ಹಿಮ್ಮಡಿ ಊರಿ ಊರಿ ಬೆನ್ನು ತನ್ನದೇ ಒಂದು ನಿಲುವನ್ನು ರೂಢಿಸಿಕೊಂಡಿತ್ತು, ಆ ನಿಲುವು ಅಂಗಡಿಗೆ ಹೋಗುವಾಗಾಗಲೀ ಬ್ಯಾಂಕಿನ ಸಾಲಿನಲ್ಲಿ ನಿಂತಾಗಾಗಲೀ ಹೆತ್ತ ತಾಯಿಯ ಶವದ ಹಿಂದೆ ನಡೆದಾಗಾಗಲೀ ಬದಲಾಗಲಿಲ್ಲ. ತಿಳಿಯದವರ ಕಣ್ಣಿಗೆ ಅದು ಗರ್ವದ ನಡಿಗೆ. "ಎದೆ ಸೆಟೆಸ್ಕೊಂಡು ಬಂದ್ಲು ನೋಡಿ ಮಹಾರಾಣಿ" ಎಂದು ಮೂಲೆಯ ದರ್ಜಿ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಅನ್ನುತ್ತಿದ್ದ. ಬೀದಿಯವರು ಆಕೆಗೆ ಇಟ್ಟ ಹೆಸರು ನಾಯಿಯಕ್ಕ. ಎದುರಿಗೆ ಸಿಕ್ಕರೆ ಬರೀ ಅಕ್ಕ.

ಆಕೆಯ ಮನೆಗೂ ನನ್ನ ಬಾಡಿಗೆ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಸೊಂಟದವರೆಗೆ ತೇವ ಹಿಡಿದದ್ದು. ಊರಿಗೆ ಹೋಗುವವರು, ಆಸ್ಪತ್ರೆ ಸೇರುವವರು, ಮದುವೆ ಮುಗಿಸಿ ಸುತ್ತಾಡಲು ಹೊರಟವರು ತಮ್ಮ ನಾಯಿ ಬೆಕ್ಕುಗಳನ್ನು ಆಕೆಯಲ್ಲಿ ಬಿಟ್ಟು ಹೋಗುತ್ತಿದ್ದರು. ತಿರುಗಿ ಬಂದು ಒಯ್ಯುವವರೆಗೆ ಅವನ್ನು ನೋಡಿಕೊಳ್ಳುವುದೇ ಆಕೆಯ ವೃತ್ತಿ. ಮುಂದಿನ ಕೋಣೆ ಸಣ್ಣ ನಾಯಿಗಳಿಗೆ, ಹಿಂದಿನದು ಬೆಕ್ಕುಗಳಿಗೆ, ತಗಡಿನ ಚಪ್ಪರದಡಿಯ ಅಂಗಳ ದಾಂಡಿಗರಿಗೆ. ಮನೆ ತುಂಬ ಫಿನಾಯಿಲ್ ವಾಸನೆ. ತೀರಿಹೋದ ತಂದೆಯ ಖಾಕಿ ಕೋಟೊಂದನ್ನು ಆಕೆ ಬೇಸಿಗೆ ಚಳಿಗಾಲ ಎನ್ನದೆ ತೊಡುತ್ತಿದ್ದಳು. ಅದರ ತೋಳುಗಳು ಪರಚಿಸಿಕೊಂಡು ಪರಚಿಸಿಕೊಂಡು ನೂಲುನೂಲಾಗಿದ್ದವು, ಜೇಬುಗಳಲ್ಲಿ ಹತ್ತಿ, ನಾಯಿಗಳ ಮೈಯಿಂದ ಉಣ್ಣಿ ಕೀಳುವ ಚಿಮಟ ಮತ್ತು ಯಾವ ಕಾಲದ್ದೋ ಬಿಸ್ಕತ್ತಿನ ಪುಡಿ. ಎಡಗೈಯ ಕಿರುಬೆರಳು ಅರ್ಧ ಇರಲಿಲ್ಲ. ಯಾವ ನಾಯಿ ಕಚ್ಚಿತು ಎಂದು ಹೊಸಬರು ಕೇಳಿದರೆ "ನಾಯಿ ಅಲ್ಲ, ಬಾಗಿಲು" ಎಂದು ಹೇಳಿ ಅವರ ಕುತೂಹಲಕ್ಕೆ ತಣ್ಣೀರೆರಚುತ್ತಿದ್ದಳು.

ಆಕೆಯ ಬಾಯಲ್ಲಿ ಸದಾ ಒಂದೇ ಪ್ರಶ್ನೆ: "ಎಷ್ಟು ದಿನಕ್ಕೆ?" ವೃತ್ತಿಯಿಂದ ಹುಟ್ಟಿದ ಆ ಮಾತು ನಾಲಗೆಗೆ ಅಂಟಿಕೊಂಡು ಎಲ್ಲೆಂದರಲ್ಲಿ ಹೊರಬೀಳುತ್ತಿತ್ತು. ಪಕ್ಕದ ಬೀದಿಯ ಬೇಕರಿಯವನು ಹೊಸ ಹೆಂಡತಿಯನ್ನು ಪರಿಚಯಿಸಲು ಕರೆತಂದಾಗ ಅವಳನ್ನು ಮೇಲಿಂದ ಕೆಳಗೆ ನೋಡಿ, ಚಿಮಟವನ್ನು ಒರೆಸಿಕೊಳ್ಳುತ್ತ, "ಎಷ್ಟು ದಿನಕ್ಕೆ?" ಎಂದುಬಿಟ್ಟಳು. ಆ ಹುಡುಗಿ ಹೌಹಾರಿದಳು. ಬೀದಿ ವರ್ಷಗಟ್ಟಲೆ ಆ ಕಥೆ ಹೇಳಿಕೊಂಡು ನಕ್ಕಿತು.

ಆಕೆಯ ಕಟ್ಟುನಿಟ್ಟು ಮಾತ್ರ ನಗುವಂಥದ್ದಾಗಿರಲಿಲ್ಲ. ಪ್ರಾಣಿಯನ್ನು ಬಿಡಲು ಬಂದವರು ತಾವು ಉಟ್ಟು ತೊಟ್ಟ, ಒಗೆಯದ ಒಂದು ಬಟ್ಟೆಯನ್ನು ಜೊತೆಗೆ ಕೊಡಲೇಬೇಕು. ಅದನ್ನು ಪ್ರಾಣಿಯ ಹಾಸಿಗೆಯಲ್ಲಿ ಹಾಸುತ್ತಿದ್ದಳು. ಒಡೆಯರ ಮೈವಾಸನೆ ಮೂಗಿನ ಬಳಿಯಿದ್ದರೆ ಅದು ಅನ್ನನೀರು ಬಿಡುವುದಿಲ್ಲ, ಅವರನ್ನು ಮರೆಯುವುದೂ ಇಲ್ಲ ಎಂಬುದು ಆಕೆಯ ಅನುಭವ. ಶ್ರೀಮಂತ ಹೆಂಗಸೊಬ್ಬಳು ಇಸ್ತ್ರಿ ಮಾಡಿದ ಟವೆಲ್ಲು ತಂದಿದ್ದಳು. ನಾಯಿಯಕ್ಕ ಅದನ್ನು ಮೂಸಿ ಹಿಂದಕ್ಕೆ ಕೊಟ್ಟಳು. "ಇದ್ರಲ್ಲಿ ನೀವಿಲ್ಲ ಮೇಡಂ, ಸೋಪಿದೆ." ಇನ್ನೂ ಕೆಲವು ನಿಯಮಗಳಿದ್ದವು, ಅವು ಆಕೆ ತನಗೇ ಹಾಕಿಕೊಂಡವು: ಯಾವುದಕ್ಕೂ ಕೈತುತ್ತು ತಿನ್ನಿಸುವಂತಿಲ್ಲ, ಹೊಸ ಮುದ್ದುಹೆಸರು ಕರೆಯುವಂತಿಲ್ಲ, ತಾನು ಮಲಗುವ ಕೋಣೆಗೆ ಬಿಟ್ಟುಕೊಳ್ಳುವಂತಿಲ್ಲ. "ನಮ್ದಲ್ಲ ಟೀಚರ್, ಬಿಟ್ಟು ಹೋಗಿರೋದು" ಎಂದು ನನಗೆ ತಿಳಿಹೇಳಿದ್ದಳು. "ವಾಪಸ್ ಹೋಗೋವಾಗ ಅದು ನನ್ ಕಡೆ ತಿರುಗಿ ನೋಡಿದ್ರೆ, ನಾನ್ ಕೆಲಸ ಕೆಡಿಸಿದೆ ಅಂತ ಅರ್ಥ."

ಬಿಟ್ಟು ಹೋಗುವ ವಿದ್ಯೆಯನ್ನು ಆಕೆಯ ಮನೆಮಂದಿ ಗಿರಾಕಿಗಳಿಗಿಂತ ಮೊದಲೇ ಕಲಿತಿದ್ದರು. ತಂದೆ ಸತ್ತಾಗ ಆಕೆಗೆ ಇಪ್ಪತ್ತೂ ತುಂಬಿರಲಿಲ್ಲ. ಆಕೆಯ ತಮ್ಮ ಓದು ಮುಗಿಸಿ ದೂರದ ಊರಿನಲ್ಲಿ ಮನೆ ಮಾಡಿದ, ತಂಗಿ ಮದುವೆಯಾಗಿ ಹೋದಳು, ಹಾಸಿಗೆ ಹಿಡಿದ ತಾಯಿ ನಡುಮನೆಯಲ್ಲಿ ಉಳಿದಳು. ಆಕೆಗೂ ಒಂದು ಸಂಬಂಧ ಬಂದಿತ್ತಂತೆ. ಹುಡುಗನ ಕಡೆಯವರು ನಾಯಿಗಳನ್ನು ಬಿಡಬೇಕು ಎಂದಾಗ ಒಪ್ಪಿದಳು, ತಾಯಿಯನ್ನೂ ಬಿಡಬೇಕೆಂದು ತಿಳಿದಾಗ ಅವರನ್ನು ಗೇಟಿನವರೆಗೆ ಕಳಿಸಿ ಬಂದಳು. ತಮ್ಮ ವರ್ಷಕ್ಕೊಮ್ಮೆ ಹಣ್ಣಿನ ಬುಟ್ಟಿ ಹಿಡಿದು ಬರುತ್ತಿದ್ದ, ತಾಯಿಯ ಹಾಸಿಗೆಯ ಪಕ್ಕ ನಿಂತೇ ಕಾಫಿ ಕುಡಿಯುತ್ತಿದ್ದ, ಹೊರಡುವಾಗ ನನ್ನಂಥ ನೆರೆಯವರಿಗೂ ಕೇಳಲೆಂದು ದನಿ ಎತ್ತರಿಸಿ, "ಅಕ್ಕ ಇರೋದ್ರಿಂದ ನಮಗೆ ಯೋಚನೇನೇ ಇಲ್ಲ" ಎನ್ನುತ್ತಿದ್ದ. ಈ ಮಾತನ್ನು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಯೋಚನೆಯನ್ನೆಲ್ಲ ಒಬ್ಬಳ ತಲೆಗೆ ಕಟ್ಟಿ, ತಾವು ಹಗುರಾಗಿ, ಆ ಹಗುರವನ್ನೇ ಅವಳಿಗೆ ಹೊಗಳಿಕೆಯಾಗಿ ಒಪ್ಪಿಸುವ ಜಾಣತನಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ತಾಯಿ ತೀರಿಕೊಂಡ ವರ್ಷವೇ ತಂಗಿ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಎರಡನೆಯ ಬಸುರಿ, ಗಂಡನಿಗೆ ವರ್ಗ, ಹೊಸ ಊರು, ಸಣ್ಣ ಮನೆ. ಗೋಡೆಯಾಚೆಯಿಂದ ಎಂದಿನ ಪ್ರಶ್ನೆ ಕೇಳಿಸಿತು: "ಎಷ್ಟು ದಿನಕ್ಕೆ?"

"ಎರಡೇ ತಿಂಗಳು ಅಕ್ಕ. ಹೆರಿಗೆ ಆದ್ ಕೂಡ್ಲೇ ಕರ್ಕೊಂಡು ಹೋಗ್ತೀನಿ."

ಆ ಎರಡು ತಿಂಗಳು ಹದಿನಾಲ್ಕು ವರ್ಷ ನಡೆಯಿತು. ಮೊದಲು ಕೂಸು ಸಣ್ಣದು ಎಂದರು, ಆಮೇಲೆ ಶಾಲೆಯ ನಡುವೆ ಬೇಡ ಎಂದರು, ಕೊನೆಗೆ ಏನನ್ನೂ ಹೇಳುವುದನ್ನೇ ಬಿಟ್ಟರು. ಮಗು ಆಕೆಯ ಮನೆಯಲ್ಲಿ ಹಲ್ಲು ಉದುರಿಸಿಕೊಂಡಿತು, ಸೈಕಲ್ಲು ಕಲಿಯಿತು, ಅಂಗಳದ ದಾಂಡಿಗರ ಹೊಟ್ಟೆಯ ಮೇಲೆ ತಲೆಯಿಟ್ಟು ಪಾಠ ಓದಿಕೊಂಡಿತು. ಅದರ ಜಡೆ ಹೆಣೆಯುವಾಗ ನಾಯಿಯಕ್ಕನ ಒರಟು ದನಿ ತಂತಾನೇ ತಗ್ಗುತ್ತಿತ್ತು. ಇಷ್ಟಾಗಿಯೂ, ಹುಚ್ಚಿ, ಆಕೆ ಆ ಮಗುವನ್ನೂ ತನ್ನ ವೃತ್ತಿಯ ನಿಯಮದಂತೆಯೇ ಸಾಕಿದಳು! ತಂಗಿಯ ಹಳೆಯ ಸ್ವೆಟರೊಂದನ್ನು ತಲೆದಿಂಬಿಗೆ ಸುತ್ತಿದಳು. ವಾಸನೆ ಆರಿದಂತೆ ಕಂಡಾಗ ಫೋನು ಮಾಡಿ ಇನ್ನೊಂದನ್ನು ಕಳಿಸಲು ಹೇಳಿದಳು, "ಒಗೀಬೇಡ್ವೇ, ಹಾಗೇ ಕಳ್ಸು" ಎಂದು ಒತ್ತಿ ಹೇಳಿದಳು. ತಂಗಿ ಅದನ್ನು ಅಕ್ಕನ ಜಿಪುಣತನವೆಂದುಕೊಂಡು ಹೊಸ ಸ್ವೆಟರ್ ಕೊಂಡು ಕಳಿಸಿದಳು. ಅದನ್ನು ನಾಯಿಯಕ್ಕ ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ.

ಪ್ರತಿ ಸಂಜೆ ಫೋನನ್ನು ಮಗುವಿನ ಕಿವಿಗೆ ಒತ್ತಿ ಹಿಡಿಯುತ್ತಿದ್ದಳು. ಅತ್ತ ಕಡೆಯವಳಿಗೆ ಪುರುಸೊತ್ತಿಲ್ಲದ ದಿನ ತಾನೇ ಏನೇನೋ ಕಟ್ಟಿ, ಅಮ್ಮ ನಿನ್ನ ಕೇಳಿದಳು, ನಿನ್ನ ಫೋಟೋ ನೋಡಿ ಅತ್ತಳು ಎಂದು ಹೇಳುತ್ತಿದ್ದಳು. ಜ್ವರ ಬಂದಾಗ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೋಟು ತೊಟ್ಟೇ ಕೂತಿರುತ್ತಿದ್ದಳೇ ಹೊರತು ಪಕ್ಕದಲ್ಲಿ ಮಲಗಿಸಿಕೊಳ್ಳಲಿಲ್ಲ. ಅಂಥ ಒಂದು ಜ್ವರದಲ್ಲಿ ಮಗು ಆಕೆಯನ್ನು ಅಮ್ಮ ಎಂದು ಕೂಗಿದ್ದು ನನಗೂ ಕೇಳಿಸಿತು. "ಅಮ್ಮ ಅಲ್ಲ ಕಣೇ, ದೊಡ್ಡಮ್ಮ. ಅಮ್ಮ ಬರ್ತಾಳೆ, ಸುಮ್ನೆ ಮಲ್ಕೋ." ಮರುದಿನ ಬಟ್ಟೆ ಒಣಹಾಕುವಾಗ ಆಕೆಯ ಕಣ್ಣುಗಳು ಕೆಂಪಗಿದ್ದವು. ಫಿನಾಯಿಲ್ ಎಂದಳು.

ಅಮ್ಮ ಬಂದಳು. ಹುಡುಗಿಗೆ ಆಗ ಹದಿನೇಳು. ತಂಗಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು, ಕಿರಿಯ ಮಗ ಹಾಸ್ಟೆಲಿಗೆ ಹೋಗಿದ್ದ, ಮನೆಗೆ ಒಂದು ಜೊತೆ ಕೈ ಬೇಕಾಗಿತ್ತು. ತಂಗಿಯ ಕಾರು ಬರುವ ಹಿಂದಿನ ದಿನ ನಾಯಿಯಕ್ಕ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತಳು. ಹುಡುಗಿಗೆಂದು ಮಹಡಿಯ ಖಾಲಿ ಕೋಣೆಗೆ ತಾನೇ ಏಣಿ ಹತ್ತಿ ಸುಣ್ಣ ಬಳಿದಿದ್ದಳು, ಕೂದಲಲ್ಲಿ ಇನ್ನೂ ಬಿಳಿಯ ಚುಕ್ಕೆಗಳಿದ್ದವು.

"ಅವಳೇ ಹೋಗಲ್ಲ ಅಂದ್ರೆ? ಬಲವಂತ ಮಾಡಿ ಕಳ್ಸಕ್ಕಾಗತ್ತಾ ಟೀಚರ್? ಆಗಲ್ಲ ಅಲ್ವಾ?"

"ನೀವೇ ಇರು ಅಂತ ಹೇಳಿ" ಎಂದೆ.

"ನಾನ್ ಹೇಗ್ ಹೇಳ್ಲಿ? ಅವಳಾಗೇ ಹೇಳ್ಬೇಕು."

ಅವಳಾಗೇ ಹೇಳಲಿಲ್ಲ. ಬೆಳಗ್ಗೆ ಎದ್ದು, ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಗೇಟಿನ ಕಂಬ ಹಿಡಿದು ಕಾದಳು. ಕಾರು ತಿರುವಿನಲ್ಲಿ ಕಂಡದ್ದೇ ತಡ ಓಡಿದಳು. ಹದಿನಾಲ್ಕು ವರ್ಷ ಜತನದಿಂದ ಕಾದಿಟ್ಟ ಪ್ರೀತಿಯೆಲ್ಲ ಒಮ್ಮೆಲೇ ಆ ಓಟದಲ್ಲಿತ್ತು, ಮತ್ತು ಅದು ಪೂರ್ತಿ ಆ ಕುಂಟುತ್ತ ಇಳಿದ ತಾಯಿಗೆ ಸೇರಿದ್ದಾಗಿತ್ತು. ದೊಡ್ಡಮ್ಮನ ಕಾಲು ಮುಟ್ಟಿದಳು, ನಾಯಿಗಳ ತಲೆ ಸವರಿದಳು, ಹತ್ತಿ ಕೂತಳು. ಕಾರು ಹೋದ ಮೇಲೆ ನಾಯಿಯಕ್ಕ ಪೈಪು ಎಳೆದುಕೊಂಡು ಅಂಗಳ ತೊಳೆಯತೊಡಗಿದಳು, ಅದನ್ನು ಬೆಳಗ್ಗೆಯೇ ತೊಳೆದಾಗಿತ್ತು.

"ಕೆಲಸ ಚೆನ್ನಾಗಿ ಮಾಡಿದೀನಿ ನೋಡಿ ಟೀಚರ್" ಎಂದಳು. "ಒಂದ್ ಸಲಾನೂ ತಿರುಗಿ ನೋಡ್ಲಿಲ್ಲ."

ಆ ಹುಡುಗಿಯನ್ನು ದೂರಲು ನನಗೆ ಮನಸ್ಸಿಲ್ಲ. ಅವಳಿಗೆ ಯಾರನ್ನು ಪ್ರೀತಿಸಬೇಕೆಂದು ಕಲಿಸಲಾಗಿತ್ತೋ ಅವರನ್ನು ಪ್ರೀತಿಸಿದಳು. ನನಗೆ ಸಿಟ್ಟು ಬಂದದ್ದು ನೆಂಟರಿಷ್ಟರ ಮೇಲೆ. ಎಂಥ ದೊಡ್ಡ ಮನಸ್ಸು, ಸ್ವಲ್ಪವೂ ಆಸೆಯಿಲ್ಲ, ಸನ್ಯಾಸಿನಿ ಇದ್ದ ಹಾಗೆ ಎಂದು ಅವರು ಫೋನಿನಲ್ಲಿ ಕೊಂಡಾಡಿದರು. ನಾಯಿಯಕ್ಕ ಹೂಂ ಹೂಂ ಎಂದು ಕೇಳಿ ಫೋನಿಟ್ಟು, "ಆಸೆ ಇಲ್ವಂತೆ" ಎಂದಳು. "ಮಹಡಿ ಕೋಣೆಗೆ ಸುಣ್ಣ ಹೊಡೆದೋಳು ಯಾರು ಹಾಗಾದ್ರೆ? ಇತ್ತು. ಹೊಟ್ಟೆ ತುಂಬ ಇತ್ತು. ಇಷ್ಟು ದಿನ ನಂಗೇ ಹೇಳ್ಕೊಂಡಿರ್ಲಿಲ್ಲ, ಅಷ್ಟೇ." ಹೀಗೆಂದಾಗ ಆಕೆಯ ಮುಖದಲ್ಲಿ ಅವಮಾನವಿರಲಿಲ್ಲ. ಐವತ್ತು ದಾಟಿದ ಮೇಲೆ ತನ್ನ ಪರಿಚಯ ತನಗಾದವಳ ಒಂದು ಒಣ ಅಚ್ಚರಿ ಇತ್ತು.

ಮೂರು ವರ್ಷ ಕಳೆದು ಒಂದು ಮಧ್ಯಾಹ್ನ ಹುಡುಗಿ ಬಂದಳು. ತೋಳಿನಲ್ಲಿ ಕಂದು ಬಣ್ಣದ ಒಂದು ಮರಿ, ಕಿವಿಗಳು ಜೋಲುಬಿದ್ದದ್ದು. ಅಮ್ಮ, ಅಪ್ಪ, ತಮ್ಮ ಎಲ್ಲರೂ ಸೇರಿ ಬೆಟ್ಟದ ಊರಿಗೆ ಹೊರಟಿದ್ದರು. ಒಂದು ವಾರ ಇದನ್ನು ಯಾರು ನೋಡಿಕೊಳ್ಳಬೇಕು? ನಾನು ಅಲ್ಲೇ ಇದ್ದೆ. ನಾಯಿಯಕ್ಕ ಮರಿಯ ಬಾಯಿ ತೆರೆದು ಹಲ್ಲು ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ಅದು ಆಕೆಯ ಕೋಟಿನ ತೋಳೊಳಗೆ ಮೂತಿ ತೂರಿಸಿದಾಗ ಸ್ವಲ್ಪ ಹೊತ್ತು ಹಾಗೇ ಬಿಟ್ಟಳು. ಆಮೇಲೆ ಅದನ್ನು ಎತ್ತಿ ಹುಡುಗಿಯ ಕೈಗೆ ತಿರುಗಿ ಕೊಟ್ಟಳು.

"ಬೇಡ. ಬೇರೆ ಎಲ್ಲಾದ್ರೂ ಬಿಡು."

"ಯಾಕ್ ದೊಡ್ಡಮ್ಮ? ಜಾಗ ಇಲ್ವಾ?"

"ಜಾಗ ಇದೆ. ನಿನ್ ಮರೀನ ನಾನ್ ಇಟ್ಕೊಂಡ್ರೆ ವಾಪಸ್ ಕೊಡಲ್ಲ. ಅದಕ್ಕೇ ಬೇಡ."

ಹುಡುಗಿ ನಕ್ಕಳು, ತಮಾಷೆಯೆಂದುಕೊಂಡು. ಎದುರಿನ ಮುಖದಲ್ಲಿ ನಗು ಕಾಣದೆ ಅವಳ ನಗು ಅರ್ಧಕ್ಕೆ ನಿಂತಿತು. "ಏನ್ ದೊಡ್ಡಮ್ಮ ನೀವು. ಸಾಕೋದು, ಆಮೇಲೆ ವಾಪಸ್ ಕೊಡೋದು, ಇದೆಲ್ಲ ನಿಮಗೆ ಅಭ್ಯಾಸ ಅಲ್ವಾ?"

"ಅಭ್ಯಾಸ ಆಗಿಲ್ಲ ಕಣೇ" ಎಂದಳು ನಾಯಿಯಕ್ಕ. "ಯಾವತ್ತೂ ಆಗಿಲ್ಲ."

ಹುಡುಗಿ ಮರಿಯನ್ನು ಎದೆಗವಚಿಕೊಂಡು ಹೋದಳು. ಮಾತು ಅವಳಿಗೆ ಮುಟ್ಟಿತೋ ಇಲ್ಲವೋ ಹೇಳಲಾರೆ. ಸಂಜೆಯೊಳಗೆ ನಾಯಿಯಕ್ಕನಿಗೆ ತಂಗಿಯ ಫೋನು ಬಂತು, ಮರುದಿನ ದೂರದೂರಿನ ತಮ್ಮನದು: ಒಂದು ವಾರಕ್ಕೆ ಒಂದು ನಾಯಿಮರಿ, ಅಷ್ಟೂ ಆಗುವುದಿಲ್ಲವೇ, ಅಕ್ಕ ಮೊದಲಿನ ಹಾಗಿಲ್ಲ, ವಯಸ್ಸಾದಂತೆ ಕಲ್ಲಾಗುತ್ತಿದ್ದಾಳೆ. ಮೂವತ್ತು ವರ್ಷ ಕೊಡುತ್ತ ಬಂದಿದ್ದ ದೊಡ್ಡ ಮನಸ್ಸೆಂಬ ಬಿರುದನ್ನು ಒಂದೇ "ಬೇಡ"ಕ್ಕೆ ಹಿಂತೆಗೆದುಕೊಂಡರು. ಆಕೆ ಅವರ ಫೋನಿಗೆ ಉತ್ತರಿಸುವುದನ್ನು ನಿಲ್ಲಿಸಿದಳು, ಪರರ ನಾಯಿಗಳನ್ನು ನೋಡಿಕೊಳ್ಳುವುದನ್ನು ನಿಲ್ಲಿಸಲಿಲ್ಲ.

ಇಂಥವರೊಬ್ಬರು ಹೆಚ್ಚುಕಡಿಮೆ ಪ್ರತಿ ಮನೆತನದಲ್ಲೂ ಇರುತ್ತಾರೆ. ಉಳಿದವರು ತಮ್ಮ ರೋಗಿಗಳನ್ನು, ಮಕ್ಕಳನ್ನು, ಹೊರಲಾರದ ಕಾಲವನ್ನು ಅವರ ಬಾಗಿಲಲ್ಲಿ ಇಳಿಸಿ ಮುಂದೆ ನಡೆಯುತ್ತಾರೆ. ಅವರನ್ನು ನಾವು ತ್ಯಾಗಿ ಎನ್ನುತ್ತೇವೆ, ನಿರ್ಮೋಹಿ ಎನ್ನುತ್ತೇವೆ, ನಮ್ಮ ಭಾಷೆಯ ಶುಭ್ರವಾದ ಪದಗಳನ್ನೆಲ್ಲ ಆರಿಸಿ ಅವರ ಮೇಲೆ ಹೊದಿಸುತ್ತೇವೆ. ಆ ಪದಗಳಿರುವುದು ಅವರ ಗೌರವಕ್ಕಲ್ಲ. ನಿನಗೇನು ಬೇಕು ಎಂದು ಒಮ್ಮೆಯಾದರೂ ಕೇಳಿದರೆ ಅವರು ನಿಜವಾಗಿಯೂ ಹೇಳಿಬಿಟ್ಟಾರು, ಆಗ ಕೊಡಬೇಕಾದೀತು ಎಂಬ ಭಯಕ್ಕೆ.