ಕಾಜಾ ಕತ್ತರಿ

ಗಂಡನ ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ದಾರ ಕಟ್ಟಿದ ಅಯಸ್ಕಾಂತವನ್ನು ಮುಂದಿನ ಕೋಣೆಯ ನೆಲದ ಮೇಲೆ ಎಳೆದಾಡಿದಳು. ದರ್ಜಿಯ ಮನೆ. ಹಿಂದಿನ ದಿನ ಉದುರಿದ ಗುಂಡುಸೂಜಿಗಳನ್ನು ಹೆಕ್ಕದೆ ಬರಿಗಾಲಲ್ಲಿ ಓಡಾಡುವಂತಿರಲಿಲ್ಲ. ಮದುವೆಯಾದ ಆರು ವರ್ಷದಿಂದ ಅದೇ ಅವಳ ದಿನದ ಮೊದಲ ಕೆಲಸ. ಇವತ್ತು ಒಂದೂ ಸೂಜಿ ಹತ್ತಲಿಲ್ಲ. ಹೊಲಿಗೆಯಂತ್ರದ ಅಡಿಯಲ್ಲಿ, ಇಸ್ತ್ರಿ ಮೇಜಿನ ಕೆಳಗೆ ಮತ್ತೊಮ್ಮೆ ಎಳೆದಳು. ಆಮೇಲೆ ಗೋಡೆಯ ಮೊಳೆಯತ್ತ ಒಯ್ದರೆ ಅದು ತಾನೇ ಟಕ್ಕೆಂದು ಅಂಟಿಕೊಂಡಿತು. ಇನ್ನೇನು ಮಾಡಬೇಕೆಂದು ತೋಚದೆ ನಿಂತಳು.

ಹತ್ತು ಗಂಟೆಗೆ ಭಾವ ಬಂದರು, ಗಂಡನ ಅಣ್ಣ. ಜೊತೆಗೆ ವಕೀಲರು. ವಕೀಲರು ತೊಟ್ಟಿದ್ದ ಕರಿ ಕೋಟು ಅವಳ ಗಂಡ ಹೊಲಿದದ್ದೇ. ಹೊಟ್ಟೆ ಬೆಳೆದಂತೆಲ್ಲ ಮೂರು ಸಲ ಬಿಚ್ಚಿ ಅಗಲ ಮಾಡಿಕೊಟ್ಟಿದ್ದ. ಅವಳು ಗುಂಡಿಗಳ ಡಬ್ಬಿಯಲ್ಲಿ ಸಿಕ್ಕ ಕಾಗದಗಳನ್ನು ಅವರ ಮುಂದಿಟ್ಟಳು. ಎರಡು ಉಯಿಲು, ಒಂದಕ್ಕೊಂದು ಸೂಜಿ ಚುಚ್ಚಿ ಸೇರಿಸಿದ್ದು.

ಮೊದಲನೆಯದು ಕಡಲಾಚೆಯ ದೇಶದಲ್ಲಿ, ಅವಳನ್ನು ಕಾಣುವುದಕ್ಕೂ ಮೊದಲು ಮಾಡಿಸಿದ್ದು. ಅಲ್ಲಿಯ ತನ್ನ ಹೊಲಿಗೆ ಅಂಗಡಿ ಮತ್ತು ಅದರ ಮೇಲಿನ ಅಟ್ಟದ ಕೋಣೆ ತನ್ನ ನಂತರ ಕಾಜಕ್ಕನಿಗೆ ಸೇರಬೇಕೆಂದು ಅದರಲ್ಲಿತ್ತು. ಕಾಜಕ್ಕ ಎಂದರೆ ಅವನಿಗೆ ಸೂಜಿ ಹಿಡಿಯುವುದನ್ನು ಕಲಿಸಿದವಳು. ಗುಂಡಿ ತೂರಿಸುವ ಕಾಜಾಗಳನ್ನು ಕೈಯಿಂದಲೇ ಹೊಲಿದು ಹೊಲಿದು ಹೆಸರೇ ಹಾಗಾಗಿತ್ತು. ಅವಳು ಇಂದಿಗೂ ಆ ಅಂಗಡಿಯಲ್ಲೇ ಕೂತು ಹೊಲಿಯುತ್ತಿದ್ದಳು.

ಎರಡನೆಯದು ಮೂರು ವರ್ಷದ ಹಿಂದೆ ಈ ಊರಿನಲ್ಲಿ ಅವನೇ ಕೈಯಾರೆ ಬರೆದದ್ದು. ಈ ಮನೆ ಮತ್ತು ತನ್ನದೆಂಬುದೆಲ್ಲ ಹೆಂಡತಿಗೆ. ಕೊನೆಯಲ್ಲಿ ಒಂದು ಸಾಲು: ಇದೇ ನನ್ನ ಕಡೆಯ ಉಯಿಲು, ಹಿಂದೆ ಮಾಡಿದ ಉಯಿಲುಗಳೆಲ್ಲ ರದ್ದು.

ವಕೀಲರು ಕನ್ನಡಕ ಹಣೆಗೇರಿಸಿದರು. "ಈ ಸಾಲು ಎಲ್ಲಿಂದ ತಂದ ಇವನು?"

"ಅಂಗಡೀಲಿ ಸಿಗೋ ನಮೂನೆ ನೋಡಿ ಬರೆದ್ರು."

"ನನ್ನ ಹೊಟ್ಟೆ ಅಳತೆ ತಗೊಳ್ಳೋಕೆ ವರ್ಷಕ್ಕೊಂದು ಸಲ ಸಿಗ್ತಿದ್ದ. ಆಗಲಾದ್ರೂ ಒಂದು ಮಾತು ಕೇಳಬಾರದಿತ್ತಾ? 'ಈ ದೇಶದಲ್ಲಿರೋ ಆಸ್ತಿಗೆ ಮಾತ್ರ' ಅಂತ ನಾಲ್ಕು ಪದ ಸೇರಿಸಿದ್ರೆ ಅಲ್ಲೀದು ಅಲ್ಲಿಗೆ, ಇಲ್ಲೀದು ಇಲ್ಲಿಗೆ ನಿಲ್ತಿತ್ತು. ಈಗ ಇದು ಅದನ್ನ ಹೊಡೆದುಹಾಕ್ತು. ಆ ಅಂಗಡೀನೂ ನಿಂದೇ ಅಮ್ಮ."

"ಒಳ್ಳೇದೇ ಆಯ್ತಲ್ಲ," ಎಂದರು ಭಾವ. "ಖಾಲಿ ಮಾಡ್ಸಿ ಮಾರೋದು. ನಿನ್ನ ವಯಸ್ಸು ಎಷ್ಟು? ಮುಂದೆ ಬೆಟ್ಟದಷ್ಟು ಬದುಕಿದೆ. ಆ ಹೆಂಗಸು ನಮಗೇನಾಗಬೇಕು?"

ರದ್ದಿನ ಆ ಸಾಲನ್ನು ಗಂಡ ಯಾಕೆ ಬರೆದನೆಂದು ಅವಳಿಗೆ ಗೊತ್ತಿತ್ತು. ಕೋಟಿನ ಭಾಗಗಳನ್ನು ಹಿಡಿದಿಡಲು ಮೊದಲು ಹಾಕುವ ಕಚ್ಚಾ ಹೊಲಿಗೆಯನ್ನು, ಗಟ್ಟಿ ಹೊಲಿಗೆ ಮುಗಿದ ಮೇಲೆ ಅವನು ಎಳೆ ಎಳೆಯಾಗಿ ಬಿಚ್ಚುತ್ತಿದ್ದ. ಕಿಟಕಿಯ ಬೆಳಕಿಗೆ ಹಿಡಿದು, ಒಂದು ಬಿಳಿ ದಾರವೂ ಉಳಿಯದ ಹಾಗೆ. "ಹಳೇ ದಾರ ಉಳಿದ್ರೆ ಕೋಟು ಮುಗೀಲಿಲ್ಲ ಅಂತ ಅರ್ಥ," ಎನ್ನುತ್ತಿದ್ದ. ಅದೇ ಅಚ್ಚುಕಟ್ಟಿನಲ್ಲಿ ಆ ಸಾಲನ್ನೂ ಬರೆದಿದ್ದಾನೆ. ಅದು ಕಡಲಾಚೆಯ ಹೊಲಿಗೆಯನ್ನೂ ಬಿಚ್ಚೀತೆಂದು ಅವನಿಗೆ ಹೊಳೆದಿರಲಿಕ್ಕಿಲ್ಲ. ಬೇಡವಾದ ಕಾಗದವನ್ನು ಹರಿದು ಬಿಸಾಡುವವನು ಆ ಹಳೆಯ ಉಯಿಲನ್ನು ಸೂಜಿ ಚುಚ್ಚಿ ಕಾಪಾಡಿಟ್ಟಿದ್ದನಲ್ಲ.

ಇಷ್ಟು ಗೊತ್ತಿದ್ದೂ ಅವಳ ಬಾಯಿಂದ "ಅದು ಅಕ್ಕನದು" ಎಂಬ ಮಾತು ಬರಲಿಲ್ಲ. ಮಾರುವ ಮನಸ್ಸಂತೂ ಅವಳಿಗಿರಲಿಲ್ಲ. ಆ ಅಟ್ಟಕ್ಕೆ ಬೀಗ ಹಾಕಿ, ಕೀಲಿಯನ್ನು ತನ್ನಲ್ಲೇ ಇಟ್ಟುಕೊಳ್ಳಬೇಕೆಂಬ ಆಸೆ.

"ನಾನೇ ಹೋಗಿ ಬರ್ತೀನಿ," ಎಂದಳು.

ಅವಳು ಕಡಲಾಚೆಯ ಆ ಊರಿಗೆ ಮೊದಲು ಓದಲು ಹೋದವಳು. ಮೊದಲ ಚಳಿಗಾಲದಲ್ಲಿ ಕೋಟಿನ ಅಸ್ತರು ಹರಿದು ಅವನ ಅಂಗಡಿಗೆ ಬಂದಿದ್ದಳು. ಅಸ್ತರು ಹೊಸದಾಯಿತು. ಜೇಬಿನಲ್ಲಿ ಮರೆತಿದ್ದ ಗ್ರಂಥಾಲಯದ ಚೀಟಿಯ ಹಿಂದೆ, "ಪುಸ್ತಕದ ಗಡುವು ನಾಳೆ ಮುಗಿಯುತ್ತೆ," ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಅವಳು ಪುಸ್ತಕ ಹಿಂತಿರುಗಿಸಿದಳು. ಅವನಲ್ಲಿಗೆ ಮತ್ತೆ ಮತ್ತೆ ಹೋದಳು. ಮದುವೆಯಾಗಿ ಎರಡು ವರ್ಷ ಆ ಅಟ್ಟದಲ್ಲಿ ಇದ್ದರು. ಅವಳು ಪ್ರಬಂಧ ಬರೆಯುತ್ತಿದ್ದಳು. ಕೆಳಗಿನಿಂದ ಇಸ್ತ್ರಿಯ ಹಬೆ ಹಲಗೆಗಳ ಸಂದಿಯಲ್ಲಿ ಮೇಲೇರಿ ಹಾಳೆಗಳನ್ನು ಮೆತ್ತಗಾಗಿಸುತ್ತಿತ್ತು. ಕಾಜಕ್ಕ ಅಳತೆಕೋಲಿನಿಂದ ಚಾವಣಿಗೆ ಕುಟ್ಟುವಳು. ಎರಡು ಸಲ ಕುಟ್ಟಿದರೆ ಚಹಾ ಆಗಿದೆ. ಮೂರು ಸಲ ಕುಟ್ಟಿದರೆ ಗಿರಾಕಿ ಬಂದಿದ್ದಾರೆ, ಗಂಡಹೆಂಡಿರು ಜಗಳ ನಿಲ್ಲಿಸಿ.

ಅಲ್ಲಿಂದ ಹೊರಡುವ ದಿನ ಅವನು ಅಕ್ಕನ ಕಾಜಾ ಕತ್ತರಿಯನ್ನು ಕೇಳಿದ. ಬಟ್ಟೆಯ ಅಂಚಿಗೆ ತಾಗದೆ, ತಿರುಪಿನಿಂದ ಅಳತೆ ಇಟ್ಟಷ್ಟೇ ಉದ್ದಕ್ಕೆ ನಡುವೆ ಸೀಳುವ ಪುಟ್ಟ ಕತ್ತರಿ. "ಒಂದು ತಿಂಗಳಿಗೆ ಕೊಡಕ್ಕ, ಅಂಥದ್ದೇ ಒಂದು ಮಾಡಿಸ್ಕೊಂಡು ಕಳಿಸ್ತೀನಿ." ನಾಲ್ಕು ವರ್ಷವಾಯಿತು. ಫೋನು ಮಾಡಿದಾಗಲೆಲ್ಲ ಅಕ್ಕನ ಮೊದಲ ಮಾತು, "ನನ್ನ ಕತ್ತರಿ ಎಲ್ಲೋ, ಕಳ್ಳ?"

"ಹೊರಟಿದೆ ಅಕ್ಕಾ, ನಡ್ಕೊಂಡು ಬರ್ತಾ ಇದೆ."

"ನಾನು ಸತ್ತ ಮೇಲೆ ಬಂದು ತಲುಪುತ್ತೆ."

ವಿಮಾನದಲ್ಲಿ ಕೈಚೀಲದೊಳಗೆ ಕತ್ತರಿ ಒಯ್ಯಲು ಬಿಡುವುದಿಲ್ಲ. ಅದೊಂದಕ್ಕಾಗಿ ಅವಳು ಪೆಟ್ಟಿಗೆ ತೆಗೆದುಕೊಂಡಳು.

ಅಂಗಡಿಯ ಬಾಗಿಲು ದೂಡಿದರೆ ಅದೇ ಗಂಟೆ, ಒದ್ದೆ ಉಣ್ಣೆಯ ಅದೇ ವಾಸನೆ. ಕಾಜಕ್ಕ ಎದ್ದು ನಿಂತಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳ ಕುರ್ಚಿಯ ಪಕ್ಕದಲ್ಲಿ ಹಗ್ಗ ಬಿಗಿದ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು.

"ಇದೇನಕ್ಕ?"

"ನಿನ್ನ ಭಾವ ಫೋನ್ ಮಾಡಿದ್ರು. ಒಳ್ಳೇ ಮಾತಲ್ಲೇ ಹೇಳಿದ್ರು, ಬೈಲಿಲ್ಲ ಪಾಪ. ಈ ತಿಂಗಳ ಕೊನೆಗೆ ಬಿಡ್ತೀನಿ ಅಂದೆ. ತಂಗಿ ಮಗಳ ಮನೇಲಿ ಒಂದು ಮೂಲೆ ಇದೆ." ಅಕ್ಕ ಅವಳ ಮುಖ ನೋಡಿದಳು. "ಎಷ್ಟು ಸೊರಗಿದ್ದೀಯೇ. ಕೋಟು ನಿನ್ನನ್ನ ತೊಟ್ಟುಕೊಂಡ ಹಾಗಿದೆ. ಮೇಲೆ ಹೋಗಿ ಬಾ. ಕೀಲಿ ಅಲ್ಲೇ ಇದೆ, ಬಾಗಿಲ ಹಿಂದೆ."

ಅಟ್ಟದಲ್ಲಿ ಅವರದೆನ್ನುವುದು ಏನೂ ಉಳಿದಿರಲಿಲ್ಲ. ಮಂಚದ ಜಾಗದಲ್ಲಿ ಬಟ್ಟೆಯ ಸುರುಳಿಗಳು. ಅವಳ ಓದುವ ಮೇಜಿದ್ದಲ್ಲಿ ಯಾರ್ಯಾರದೋ ಕೋಟುಗಳು ಸಾಲಾಗಿ ತೂಗುತ್ತಿದ್ದವು. ಅವಳು ಒಂದು ಸುರುಳಿಯ ಮೇಲೆ ಕೂತಳು. ಬೀಗ ಹಾಕಿ ಕಾಪಾಡಿಕೊಳ್ಳಲು ಇಷ್ಟು ದೂರ ಬಂದದ್ದು ಯಾವುದನ್ನು ಎಂದು ಹುಡುಕಿದಳು. ಅಳು ಬರಬಹುದೆಂದು ಕಾದಳು. ಬರಲಿಲ್ಲ.

ಆಗ ಕಾಲಡಿಯ ಹಲಗೆ ಸದ್ದು ಮಾಡಿತು. ಎರಡು ಸಲ.

ಅವಳು ಕೂತಲ್ಲೇ ಬಾಯಿಗೆ ಕೈ ಒತ್ತಿಕೊಂಡಳು. ಇಪ್ಪತ್ತು ದಿನದಿಂದ ಎಲ್ಲೋ ಗಂಟಾಗಿದ್ದದ್ದು ಆಗ ಬಿಚ್ಚಿಕೊಂಡಿತು. ಕೆಳಗೆ ಕುಟ್ಟುವವರಿಲ್ಲದ ಅಟ್ಟದ ಕೀಲಿಯನ್ನು ಅವಳು ಒಯ್ದು ಮಾಡುವುದೇನು?

ಕಣ್ಣೊರೆಸಿಕೊಂಡು ಇಳಿದು ಬಂದಾಗ ಚಹಾದ ಮೇಲೆ ಕೆನೆ ಕಟ್ಟಿತ್ತು.

"ನಾಳೆ ಹತ್ತು ಗಂಟೆಗೆ ನೋಂದಣಿ ಕಚೇರಿಗೆ ಬರಬೇಕು ಅಕ್ಕ. ನಿನ್ನ ಹೆಸರಿಗೆ ಬರೆದುಕೊಡ್ತೀನಿ. ಅಂಗಡಿ, ಅಟ್ಟ, ಎರಡೂ."

"ಹುಚ್ಚಾ ನಿಂಗೆ? ಮುಂದೆ ನಿನ್ನ ಗತಿ?"

"ಇದನ್ನ ಮನೆ ಮಾಡಿಕೊಟ್ಟೋಳು ನೀನು, ಅಲ್ಲಿ ಮನೆ ಕೊಟ್ಟವರು ಅವರು. ನಂಗೆ ಒಂದು ಸಾಕು. ಇದು ಅವರು ಮೊದಲೇ ನಿಂಗೆ ಬರೆದಿದ್ದು. ಆಮೇಲೆ ಬರೆಯೋವಾಗ ಕೈ ತಪ್ಪಿತು."

"ಅವನ ಕೈ ತಪ್ಪೋದಾ? ನಾನು ಕಲಿಸಿದ ಕೈ." ಅಕ್ಕ ಬಗ್ಗಿ, ಪೆಟ್ಟಿಗೆಗೆ ಬಿಗಿದ ಹಗ್ಗದ ಗಂಟನ್ನು ಉಗುರಿನಿಂದ ಬಿಡಿಸತೊಡಗಿದಳು. ಗಂಟು ಸಡಿಲಲಿಲ್ಲ. "ಒಂದು ಕತ್ತರಿ ಕೊಡೇ," ಎಂದಳು ತಲೆಯೆತ್ತದೆ.

ಅವಳು ತನ್ನ ಪೆಟ್ಟಿಗೆ ತೆರೆದು, ಗಂಡನ ಕರವಸ್ತ್ರದಲ್ಲಿ ಸುತ್ತಿದ್ದ ಕಾಜಾ ಕತ್ತರಿಯನ್ನು ಅಕ್ಕನ ಅಂಗೈಯಲ್ಲಿಟ್ಟಳು.

ಅಕ್ಕ ಅದನ್ನು ತಿರುಗಿಸಿ ನೋಡಿದಳು. ಹಗ್ಗದ ಹತ್ತಿರ ಒಯ್ಯಲಿಲ್ಲ. ಮೇಜಿನ ಮೇಲಿನ ಚಿಂದಿಯೊಂದನ್ನು ಎತ್ತಿಕೊಂಡು ನಡುವೆ ಒಂದು ಸೀಳು ಹಾಕಿದಳು. ಅಂಚು ಹಾಗೇ ಉಳಿಯಿತು.

"ಮೊಂಡು ಮಾಡಿಟ್ಟಿದ್ದಾನೆ ಕಳ್ಳ," ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು.