ಅಳಿಯ ಬರದ ದಿನ

ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಅಳಿಯ ಎಂದೇ ಕರೆಯುತ್ತಿದ್ದರು. ಹೊತ್ತಿಗೆ ಸರಿಯಾಗಿ ಬರುವುದು, ಬಾಗಿಲು ತಟ್ಟುವುದು, ಒಳಗೆ ಇಣುಕುವುದು, ಏನನ್ನೂ ಮುಟ್ಟದೆ ಹೊರಟುಹೋಗುವುದು. ಎಷ್ಟು ಉಪಚಾರ ಮಾಡಿದರೂ ಬಿಗುಮಾನ ಬಿಡದ ಆಸಾಮಿ. ಅವನ ಮುಖ ಯಾರೂ ಕಂಡಿರಲಿಲ್ಲ. ಎಲ್ಲೋ ದೂರದೇಶದ ವಿಳಾಸವೊಂದರಿಂದ ಇಂಟರ್ನೆಟ್ಟಿನ ಮೂಲಕ ಬಂದು, ಅಲ್ಲಿನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಕಟ್ಟಿಟ್ಟಿದ್ದ ಹುಸಿ ಕಂಪ್ಯೂಟರುಗಳ ಕದ ತಟ್ಟಿ ಹೋಗುತ್ತಿದ್ದ.

ಆ ಕಂಪ್ಯೂಟರುಗಳು ಕಳ್ಳರಿಗೆ ಇಟ್ಟ ಬೋನು. ಹೊರಗಿನಿಂದ ನೋಡಿದರೆ ಯಾವುದೋ ಸೋಮಾರಿ ಕಚೇರಿಯವರು ಬೀಗ ಹಾಕದೆ ಬಿಟ್ಟ ಯಂತ್ರಗಳು. ಒಳಗೆ ಏನೂ ಇಲ್ಲ. ಬಂದವರ ನಡೆ ನೋಡಿ ಅವರ ಗುಣ ಅಳೆಯುವುದು ಅವಳ ಪಿಎಚ್‌ಡಿ. ಮಿಕ್ಕ ಕಳ್ಳರು ಬಂದರೆ ದಡಬಡ ಎಲ್ಲವನ್ನೂ ತಡಕಾಡುತ್ತಿದ್ದರು. ಅಳಿಯನೊಬ್ಬನೇ ನಿಧಾನಸ್ಥ. ಇಂಥ ತಾಳ್ಮೆಯ ಕಳ್ಳನನ್ನು ಗುರುತಿಸುವುದು ಹೇಗೆ ಎಂಬುದರ ಮೇಲೆಯೇ ಅವಳ ಪ್ರಬಂಧದ ಮುಖ್ಯ ಅಧ್ಯಾಯ ನಿಂತಿತ್ತು.

ತಿಂಗಳ ಕೊನೆಗೆ ಅದನ್ನು ಸಲ್ಲಿಸಬೇಕು. ಸಲ್ಲಿಸಿ ಮನೆಗೆ ಹೋದರೆ ಅಮ್ಮನನ್ನು ನೋಡಿಕೊಳ್ಳುವ ಪಾಳಿ ಅವಳದು. ಅಮ್ಮ ಸೊಂಟ ಮುರಿದುಕೊಂಡು ಮಲಗಿದಾಗಿನಿಂದ ಅಕ್ಕನೇ ಎಲ್ಲ ಮಾಡುತ್ತಿದ್ದಳು. ಅಕ್ಕ ನರ್ಸ್. ಬೇರೆ ಊರಿನ ದೊಡ್ಡ ಆಸ್ಪತ್ರೆಯೊಂದು ಕೆಲಸಕ್ಕೆ ಕರೆದಿತ್ತು. ಸ್ವಲ್ಪ ತಡೀರಿ, ಸ್ವಲ್ಪ ತಡೀರಿ ಎಂದು ಅಕ್ಕ ಮುಂದೂಡುತ್ತಾ ಬಂದಿದ್ದಳು. ಅವರು ಕೊಟ್ಟ ಕೊನೆಯ ಗಡುವೂ ಇದೇ ತಿಂಗಳಿಗೆ ಮುಗಿಯುತ್ತಿತ್ತು.

ಆ ಮಂಗಳವಾರ ವೈರಿಂಗ್ ರಿಪೇರಿಗೆಂದು ಲ್ಯಾಬಿನ ಕಟ್ಟಡಕ್ಕೆ ಕರೆಂಟು ತೆಗೆದರು. ಅವಳ ಬೋನುಗಳಿದ್ದದ್ದು ಬೇರೆ ಕಟ್ಟಡದ ಸರ್ವರ್ ಕೋಣೆಯಲ್ಲಿ. ಅವಕ್ಕೆ ಏನೂ ಆಗಲಿಲ್ಲ. ಲೈಬ್ರರಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಅಳಿಯ ಬರಲಿಲ್ಲ.

"ಮುನಿಸ್ಕೊಂಡ್ರೇನೋ ಅಳಿಯಂದಿರು," ಎಂದು ಪಕ್ಕದವಳು ಕಿಚಾಯಿಸಿದಳು.

ಬುಧವಾರ ಕರೆಂಟು ಬಂತು. ಅಳಿಯನೂ ಬಂದ. ಮೊದಲು ಖುಷಿಯಾಯಿತು. ಆಮೇಲೆ ಒಂದು ಅನುಮಾನ. ಇಲ್ಲಿ ಕರೆಂಟು ಹೋದರೆ ದೂರದೇಶದ ಕಳ್ಳನಿಗೇಕೆ ರಜೆ?

ಎದ್ದು ಒಂದೊಂದೇ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಗೂಬೆಯ ಮೇಜಿನ ಕೆಳಗೆ, ಹಳೇ ಶೂಗಳ ಹಿಂದೆ, ಧೂಳು ಹಿಡಿದ ಯಂತ್ರವೊಂದು ಗುರುಗುಟ್ಟುತ್ತಿತ್ತು. ಗೂಬೆ ಅಂದರೆ ಅವಳ ಜೊತೆಗೇ ಪಿಎಚ್‌ಡಿಗೆ ಸೇರಿದವನು, ದಪ್ಪ ಕನ್ನಡಕಕ್ಕೆ ಆ ಹೆಸರು.

"ಇದೇನು ಓಡ್ತಿರೋದು?"

"ನನ್ನ ಥೀಸಿಸ್ಸಿಂದು. ಮುಟ್ಬೇಡ."

"ಏನ್ ಮಾಡುತ್ತೆ ಅಂತ ಕೇಳ್ದೆ."

"ಯಾಕೆ, ಕದಿಯೋಕಾ?"

ಇಬ್ಬರೂ ವರ್ಷಗಟ್ಟಲೆ ಎರಡು ಮೇಜು ದೂರದಲ್ಲಿ ಕೂತವರು. ಬಿಸ್ಕತ್ತು ಹಂಚಿಕೊಂಡಿದ್ದರು, ಜ್ವರ ಬಂದಾಗ ಮಾತ್ರೆ ಕೊಟ್ಟುಕೊಂಡಿದ್ದರು. ಕೆಲಸದ ಮಾತು ಬಂದರೆ ಮಾತ್ರ ಇಬ್ಬರ ಬಾಯಿಗೂ ಬೀಗ. ಯಾರ ಐಡಿಯಾ ಯಾರು ಹಾರಿಸಿಬಿಡುತ್ತಾರೋ ಎಂಬ ಭಯ. ನೆಟ್‌ವರ್ಕ್ ಭದ್ರತೆ ಓದುವವರಿಗೆ ಗುಟ್ಟು ಕಾಯುವುದು ಚಟವಾಗಿಬಿಟ್ಟಿತ್ತು. ಅಳಿಯನ ಹೆಸರು ಲ್ಯಾಬಿಗೆಲ್ಲ ಗೊತ್ತಿತ್ತು. ಅವನ ವಿಳಾಸವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದಳು.

ಗೂಬೆ ಕನ್ನಡಕ ಸರಿಪಡಿಸಿಕೊಂಡ. "ಅದು ನಾನು ಬಾಡಿಗೆಗೆ ತಗೊಂಡಿರೋ ಸರ್ವರ್. ಈ ಯಂತ್ರದಿಂದ್ಲೇ ಅದನ್ನ ಓಡಿಸೋದು. ನಿಂಗ್ಹೇಗೆ ಗೊತ್ತು?"

"ಅಲ್ಲಿಂದ ಏನ್ ಮಾಡ್ತೀಯ?"

"ಯಾರ್ಯಾರು ಬೀಗ ಹಾಕ್ದೆ ಕೂತಿದಾರೆ ಅಂತ ನೋಡ್ತೀನಿ. ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ ನಿಧಾನಕ್ಕೆ. ಒಂದು ಕಚೇರಿ ಇದೆ ಕಣೇ, ದರಿದ್ರದ್ದು. ಎಷ್ಟು ಎಚ್ಚರಿಕೆ ಮೇಲ್ ಹಾಕಿದ್ರೂ ಕ್ಯಾರೇ ಅನ್ನಲ್ಲ. ಥೀಸಿಸ್ಸಲ್ಲಿ ಅವ್ರ ಬೇಜವಾಬ್ದಾರಿ ಬಗ್ಗೆನೇ ಒಂದು ಪುಟ ಉಗ್ದು ಬರ್ದಿದೀನಿ."

"ಆ ಕಚೇರಿ ನಾನೇ."

ಗೂಬೆ ಮೊದಲು ನಕ್ಕ. ಅವಳ ಮುಖ ನೋಡಿ ನಿಲ್ಲಿಸಿದ.

"ನಂಗೇನು, ಒಂದು ಪುಟ ಹೋಗುತ್ತೆ ಅಷ್ಟೆ. ನಿಂಗೆ?"

"ಅಧ್ಯಾಯನೇ ಹೋಗುತ್ತೆ. ಇನ್ನೊಬ್ಬ ಕಳ್ಳನ್ನ ಹುಡುಕ್ಬೇಕು."

ಅವನು ದನಿ ತಗ್ಗಿಸಿದ. "ನಾನು ಬಾಯಿ ಬಿಡಲ್ಲ. ನನ್ನ ಪುಟ ಸದ್ದಿಲ್ದೆ ತೆಗೀತೀನಿ, ಇದನ್ನೂ ಆರಿಸ್ತೀನಿ. ನೀನು ಸಲ್ಲಿಸಿ ಹೋಗು. ಯಾರಿಗೂ ಗೊತ್ತಾಗಲ್ಲ."

ನಿಜ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಅವಳು ಅದನ್ನೇ ತಿರುವಿ ಹಾಕಿದಳು. ವೈವಾದಲ್ಲಿ ಅಳಿಯನ ಬಗ್ಗೆ ಮುಖ ಕೆಡಿಸಿಕೊಳ್ಳದೆ ಮಾತಾಡಬೇಕು. ಆಮೇಲೆ ಸೆಮಿನಾರುಗಳಲ್ಲಿ. ಗೂಬೆ ಎಲ್ಲೇ ಸಿಕ್ಕರೂ ಹಲ್ಲು ಕಿರಿಯಬೇಕು. ಎಂದೂ ಬದಲಿಸಲಾಗದ ಪಾಸ್‌ವರ್ಡೊಂದನ್ನು ಜೀವಮಾನವಿಡೀ ಹೊತ್ತ ಹಾಗೆ. ಇನ್ನೊಂದು ಗುಟ್ಟು ಕಾಯುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ. ಎದ್ದು ಗೈಡ್ ಕೋಣೆಗೆ ಹೋದಳು.

ಮೇಡಂ ಕೇಳಿಸಿಕೊಂಡು ಕಣ್ಣುಜ್ಜಿಕೊಂಡರು. "ನಿಮ್ಮಿಬ್ರಿಗೂ ಗೈಡ್ ನಾನೇ. ನಂಗಾದ್ರೂ ಗೊತ್ತಾಗ್ಬೇಕಿತ್ತು." ಕ್ಯಾಲೆಂಡರ್ ತಿರುವಿ ಅಂದರು: "ಈ ಸಲ ಆಗಲ್ಲ. ಮುಂದಿನ ಸೆಮಿಸ್ಟರ್‌ಗೆ ನೋಡೋಣ."

ವರಾಂಡದಿಂದಲೇ ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ಅಂದ್ರೆ ಅಳಿಯ ನಿಜವಾದ ಕಳ್ಳ ಅಲ್ಲ ಅಂತೀಯಾ?"

"ಅಲ್ಲ."

"ಹೇಳ್ದೆ ಇದ್ದಿದ್ರೆ?"

"ಈ ತಿಂಗಳೇ ಬರ್ತಿದ್ದೆ."

ಆ ಕಡೆ ಬಕೆಟ್ಟಿಗೆ ನೀರು ಬೀಳುವ ಸದ್ದು. ಅಮ್ಮನ ಮೈ ಒರೆಸುವ ಹೊತ್ತು. ಅಕ್ಕ ನಲ್ಲಿ ನಿಲ್ಲಿಸಿದಳು.

"ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ನನ್ನ ತಲೆ ಮೇಲೇ ಹೊರಿಸ್ಬೇಕಿತ್ತೇನೇ?"

"ಆ ಆಸ್ಪತ್ರೆಯವ್ರಿಗೆ ನಾನೇ ಒಂದು ಮಾತು..."

"ನೀನು ಯಾರಿಗೂ ಏನೂ ಹೇಳೋಕೆ ಹೋಗ್ಬೇಡ. ಇವತ್ತಿಗೆ ಹೇಳಿದ್ದು ಸಾಕು." ಫೋನು ಇಟ್ಟಳು.

ಲ್ಯಾಬಿಗೆ ಬಂದಾಗ ಗೂಬೆ ಮೇಜಿನ ಕೆಳಗೆ ತೂರಿ ಪ್ಲಗ್ಗು ಕೀಳುತ್ತಿದ್ದ. ಅವಳ ಮುಖ ನೋಡಿ ಎಲ್ಲ ಗೊತ್ತಾಯಿತೇನೋ, ಎದ್ದು ಕೈಯ ಧೂಳು ಒರೆಸಿಕೊಂಡ.

"ಕುರ್ಚಿ ತಗೊಂಡ್ ಬಾ," ಅಂದಳು. "ಯಾವ್ಯಾವಾಗ ಬಂದಿದ್ದೆ ಅಂತ ಹೇಳು. ನನ್ನ ಡೇಟಾದಿಂದ ಮೊದ್ಲು ನಿನ್ನನ್ನ ತೆಗೀಬೇಕು."

ಅವನು ಬಂದು ಕೂತ. ಪರದೆಯ ಮೇಲೆ ತಾನು ಬಂದುಹೋದದ್ದರ ಪಟ್ಟಿ ಓದಿದ.

"ಇಷ್ಟು ದಿನ ಅಳಿಯ ಅಂತ ಆಡ್ಕೊಂಡಿದ್ದು ನನ್ನನ್ನೇನಾ?"

"ಹೂಂ."

"ಒಂದು ಲೋಟ ಕಾಫಿನೂ ಕೊಡ್ಲಿಲ್ವಲ್ಲೇ."

ಅವಳು ನಗಲಿಲ್ಲ. "ತಾರೀಖು ಹೇಳು," ಅಂದಳು.