ಏಳನೇ ಪ್ರತಿ

ಸೈಟ್ ಆಫೀಸಿನ ತಗಡಿನ ಕೋಣೆಯಲ್ಲಿ ಹದಿನಾಲ್ಕು ಕುರ್ಚಿ ಹಿಡಿಸುತ್ತವೆ. ಆ ಬೆಳಿಗ್ಗೆ ಅದರೊಳಗೆ ಇಪ್ಪತ್ತಮೂರು ಜನ ತುಂಬಿಕೊಂಡಿದ್ದರು. ಕೆಲವರು ಸಿಮೆಂಟ್ ಚೀಲದ ಮೇಲೆ ಕೂತಿದ್ದರು, ಕೆಲವರು ಗೋಡೆಗೆ ಒರಗಿದ್ದರು. ಎದುರಿಗೆ ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ಲ್ಯಾಪ್‌ಟಾಪಿನ ಪರದೆಯನ್ನು ದೊಡ್ಡದಾಗಿ ಬೀಳಿಸಿದ್ದರು. ಇನ್ನು ಮುಂದೆ ಕಟ್ಟಡದ ನಕ್ಷೆ ಕಾಗದದಲ್ಲಿ ಬರುವುದಿಲ್ಲ, ಎಲ್ಲವೂ ಕ್ಲೌಡ್‌ನಲ್ಲಿ ಇರುತ್ತದೆ, ಅವರವರ ಫೋನಿನಲ್ಲೇ ತೆರೆದು ನೋಡಬೇಕು ಎಂದು ಕಲಿಸಿಕೊಡಲು ಕಂಪನಿಯವರು ಒಬ್ಬ ಟ್ರೈನರ್ ಹುಡುಗಿಯನ್ನು ಕಳಿಸಿದ್ದರು. ಎರಡು ಗಂಟೆ ಬಿಸಿಲು ತಪ್ಪಿತಲ್ಲ ಎಂದು ಎಲ್ಲರೂ ಖುಷಿಯಿಂದಲೇ ಬಂದಿದ್ದರು. ಕ್ಲೌಡ್ ಯಾರಿಗೆ ಬೇಕಾಗಿತ್ತು, ಫ್ಯಾನ್ ಇತ್ತಲ್ಲ.

"ಅಲ್ಲಮ್ಮಾ, ನನ್ನ ಫೋನ್ ಕಳೆದುಹೋದ್ರೆ ಕಟ್ಟಡಾನೇ ಕಳೆದ್ಹೋದ ಹಾಗಾ?" ಎಂದ ಸೆಂಟ್ರಿಂಗ್ ಮೇಸ್ತ್ರಿ.

ಕೋಣೆಯೆಲ್ಲ ನಕ್ಕಿತು. ಮೂಲೆಯ ಮೇಜಿನ ಹಿಂದೆ ಕೂತಿದ್ದ ನಕ್ಷೆ ಅಕ್ಕ ಮಾತ್ರ ನಗಲಿಲ್ಲ. ನಗಬಾರದೆಂದೇನೂ ಅಲ್ಲ. ನಗು ಬಂದು ಹೋಗಿದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಮೂವತ್ತೊಂಬತ್ತು ದಿನಗಳಿಂದ ಅವಳು ಹೀಗೇ ಇದ್ದಳು. ಟೀ ಬಿಸಿಯಾಗಿದೆಯೋ ಆರಿದೆಯೋ ತಿಳಿಯದೆ ಕುಡಿಯುತ್ತಿದ್ದಳು. ಬಾಗಿಲಿಗೆ ಬೆರಳು ಸಿಕ್ಕಿಕೊಂಡರೆ ನೆತ್ತರು ಕಂಡ ಮೇಲೆ ಕೈ ಎಳೆದುಕೊಳ್ಳುತ್ತಿದ್ದಳು. ಗಂಡ ಸತ್ತರೆ ಅಳು ಬರುತ್ತದೆ ಎಂದು ಎಲ್ಲರೂ ಕಾದಿದ್ದರು, ಅವಳೂ ಕಾದಿದ್ದಳು, ಅದು ಬಂದಿರಲಿಲ್ಲ.

ಆರು ವರ್ಷದಿಂದ ಈ ಕಂಪನಿಯ ನಕ್ಷೆಗಳೆಲ್ಲ ಅವಳ ಕೈಯಿಂದಲೇ ಹೊರಬೀಳುತ್ತಿದ್ದವು. ಹೊಸ ನಕ್ಷೆ ಬಂದರೆ ಎಂಟು ಪ್ರತಿ ತೆಗೆಯಬೇಕು, ಒಂದೊಂದರ ಮೂಲೆಗೂ ನಂಬರಿನ ಮುದ್ರೆ ಒತ್ತಬೇಕು, ಪಡೆದವರ ಸಹಿಯನ್ನು ರಿಜಿಸ್ಟರಿನಲ್ಲಿ ಹಾಕಿಸಿಕೊಳ್ಳಬೇಕು. ಹಳೆಯದನ್ನು ವಾಪಸು ಪಡೆದು ಕೆಂಪು ಶಾಯಿಯಲ್ಲಿ 'ರದ್ದು' ಎಂದು ಒತ್ತಬೇಕು. ಹಳೆಯದನ್ನು ಕೊಡದವನಿಗೆ ಅವಳು ಹೊಸದನ್ನು ಕೊಡುತ್ತಿರಲಿಲ್ಲ. ದೊಡ್ಡ ಎಂಜಿನಿಯರ್ ಬಂದು ಕೇಳಿದರೂ ಅಷ್ಟೇ. ಒಬ್ಬನಿಗೆ ಮಾತ್ರ ವಿನಾಯಿತಿ ಇತ್ತು. ಏಳನೇ ಪ್ರತಿ ಅವನದು, ಅವನು ಅವಳ ಗಂಡ.

ಅವನು ಅದೇ ಸೈಟಿನಲ್ಲಿ ಸೂಪರ್‌ವೈಸರ್. ಸೊಂಟದಲ್ಲಿ ಸದಾ ಅಳತೆ ಟೇಪು ಇರುತ್ತಿದ್ದುದರಿಂದ ಎಲ್ಲರಿಗೂ ಟೇಪಣ್ಣ. ಮಂಚ ಕೊಳ್ಳುವ ಮೊದಲು ಮನೆಯ ಬಾಗಿಲು ಅಳೆದವನು, ಹೋಗಲಿ ಬಿಡಿ, ಎಲ್ಲರೂ ಅಳೆಯುತ್ತಾರೆ. ಇವನು ಮೆಟ್ಟಿಲ ತಿರುವನ್ನೂ, ಮಂಚ ಹೊರುವ ಇಬ್ಬರ ಭುಜದ ಅಗಲವನ್ನೂ ಅಳೆದು ಬರೆದುಕೊಂಡಿದ್ದ. ಹಾಗೆಂದು ಅವನಿಗೆ ಮೂರು ಮಹಡಿ ಇಳಿದು ಬಂದು ಸಹಿ ಹಾಕುವ ತಾಳ್ಮೆ ಇರಲಿಲ್ಲ. "ನೀನೇ ಹಾಕ್ಬಿಡೇ, ಸಂಜೆ ಮನೇಲಿ ಕೊಡು," ಎಂದು ಮೇಲಿನಿಂದಲೇ ಫೋನು ಮಾಡುತ್ತಿದ್ದ. ಅವಳು ಅವನ ಸಹಿಯನ್ನು ಅವನಿಗಿಂತ ಚೆನ್ನಾಗಿ ಹಾಕುತ್ತಿದ್ದಳು. ನಕ್ಷೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೋಗಿ, ರಾತ್ರಿ ಊಟಕ್ಕೆ ಮುಂಚೆ ಕೈಗೆ ಕೊಡುತ್ತಿದ್ದಳು. ಒಂದೇ ಸೂರಿನ ಕೆಳಗೆ ಇರುವವರಿಗೆ ಇದರಲ್ಲಿ ತಪ್ಪಿದೆ ಎಂದು ಅನಿಸುವುದೂ ಇಲ್ಲ.

ಟ್ರೈನರ್ ಹುಡುಗಿ ಒಂದೊಂದಾಗಿ ತೋರಿಸಿದಳು. ನಕ್ಷೆ ಏರಿಸಿದ ಕೂಡಲೇ ಪಟ್ಟಿಯಲ್ಲಿರುವ ಎಲ್ಲರ ಫೋನಿಗೂ ಸುದ್ದಿ ಹೋಗುತ್ತದೆ. ಯಾರು ತೆರೆದು ನೋಡಿದರೋ ಅವರ ಹೆಸರಿನ ಮುಂದೆ ಹಸಿರು ಗುರುತು ಬೀಳುತ್ತದೆ. ಏನಾದರೂ ಹೇಳಬೇಕೆಂದರೆ ಕೆಳಗೆ ಕಾಮೆಂಟ್ ಬರೆಯಬಹುದು. "ಆದ್ರೆ ಒಂದು ನೆನಪಿರ್ಲಿ. ಇಲ್ಲಿ ಬರೆದಿದ್ದನ್ನ ಅಳಿಸೋಕಾಗಲ್ಲ. ಯಾರು ಬರೆದ್ರು, ಎಷ್ಟು ಹೊತ್ತಿಗೆ, ಎಲ್ಲಾ ಉಳಿಯುತ್ತೆ."

"ನಮ್ಮ ಮನೆಯವಳ ತರಾನೇ," ಎಂದ ಸೆಂಟ್ರಿಂಗ್ ಮೇಸ್ತ್ರಿ. ಮತ್ತೆ ನಗು.

"ಇದೆಲ್ಲ ಯಾಕೆ ಬೇಕು ಅನ್ನೋದಕ್ಕೆ ನಿಮ್ಮ ಸೈಟಿನದೇ ಒಂದು ಉದಾಹರಣೆ ತೋರಿಸ್ತೀನಿ," ಎಂದು ಹುಡುಗಿ ಗುಂಡಿ ಒತ್ತಿದಳು. ಬಿಳಿ ಬಟ್ಟೆಯ ಮೇಲೆ ರಿಜಿಸ್ಟರಿನ ಒಂದು ಪುಟ ಬಂತು. ಒಂದು ಸಹಿಯ ಸುತ್ತ ಕೆಂಪು ವೃತ್ತ ಎಳೆದಿದ್ದರು. "ಇವರು ಹೊಸ ನಕ್ಷೆ ತಗೊಂಡಿದ್ದಾರೆ, ಸಹಿನೂ ಹಾಕಿದ್ದಾರೆ. ಆದ್ರೆ ತೆರೆದು ನೋಡಿಲ್ಲ. ಮಾರನೇ ದಿನ ಅದರಿಂದ್ಲೇ ಜೀವ ಹೋಯ್ತು. ಸಹಿ ಇದೆ ಅಂದ್ರೆ ನೋಡಿದ್ದಾರೆ ಅಂತ ಅಲ್ಲ."

ದೊಡ್ಡ ಎಂಜಿನಿಯರ್ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದರು. ಅವಳು ಮೂಲೆಯ ಮೇಜಿನತ್ತ ನೋಡಿದಳು, ಮುಖ ಬಿಳಿಚಿತು. ಯಾರದೋ ಕಡತದಿಂದ ಎತ್ತಿಕೊಟ್ಟ ಪುಟ ಅದು, ಪಾಪ, ಅವಳಿಗೇನು ಗೊತ್ತು. ನಕ್ಷೆ ಅಕ್ಕ ಎಲ್ಲರಂತೆ ಆ ಸಹಿಯನ್ನೇ ನೋಡುತ್ತಿದ್ದಳು. ಕೊನೆಯ ಅಕ್ಷರದ ಬಾಲವನ್ನು ಅವನು ಮೇಲಕ್ಕೆ ಎಳೆಯುತ್ತಿದ್ದ, ಅವಳು ಯಾವಾಗಲೂ ನೇರಕ್ಕೆ ಎಳೆಯುತ್ತಿದ್ದಳು. ಇದು ನೇರಕ್ಕೆ ಇತ್ತು. ಇಪ್ಪತ್ತೆರಡು ಜೊತೆ ಕಣ್ಣು ಅದನ್ನು ನೋಡಿದವು, ಒಬ್ಬರಿಗೂ ಹೊಳೆಯಲಿಲ್ಲ.

ನಡೆದದ್ದು ಇಷ್ಟೇ. ಮೂರನೇ ಮಹಡಿಯ ನೆಲದಲ್ಲಿ ಗಾಳಿ ಕೊಳವೆ ಇಳಿಸಲು ಒಂದು ಕಂಡಿ ಬೇಕೆಂದು ಹೊಸ ನಕ್ಷೆ ಬಂತು. ತುರ್ತು ಎಂದು ಸಂಜೆಯೊಳಗೇ ಕೊರೆದು, ಮೇಲೆ ಒಂದು ಪ್ಲೈವುಡ್ ಹಲಗೆ ಮುಚ್ಚಿ ಹೋದರು. ಮೊಳೆ ಹೊಡೆಯಲಿಲ್ಲ. ಟೇಪಣ್ಣ ಆ ದಿನವೆಲ್ಲ ಆಚೆಯ ಬ್ಲಾಕಿನಲ್ಲಿದ್ದ. ಅವನ ಪಾಲಿನ ಏಳನೇ ಪ್ರತಿ ಅವಳ ಚೀಲದಲ್ಲಿ ಮನೆಗೆ ಬಂತು. ಮನೆಯಲ್ಲಿ ಅತ್ತೆ ಜ್ವರದಿಂದ ನಡುಗುತ್ತಿದ್ದರು. ಚೀಲವನ್ನು ಬಾಗಿಲ ಬಳಿಯೇ ಒಗೆದು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ವಾಪಸು ಬರುವಷ್ಟರಲ್ಲಿ ಗಂಡ ತಾನೇ ಬಡಿಸಿಕೊಂಡು ಉಂಡು ಮಲಗಿದ್ದ. ಬೆಳಿಗ್ಗೆ ಅವಳು ಏಳುವ ಮುಂಚೆಯೇ ಹೊರಟುಹೋಗಿದ್ದ. ಹಳೆಯ ನಕ್ಷೆ ಕೈಯಲ್ಲಿ ಹಿಡಿದು, ಟೇಪು ಬಿಚ್ಚುತ್ತಾ ಹಿಂದಕ್ಕೆ ನಡೆದ. ಅವನ ಕಾಗದದ ಪ್ರಕಾರ ಅಲ್ಲಿದ್ದದ್ದು ಗಟ್ಟಿ ನೆಲ.

'ನಕ್ಷೆ ಕೈಸೇರಿದ್ದರೂ ಗಮನಿಸದೆ ನಡೆದ ಸ್ವಂತ ಅಜಾಗರೂಕತೆ' ಎಂದು ವರದಿ ಬರೆದರು. ಮೊಳೆ ಹೊಡೆಯದವರ ಹೆಸರು ಅದರಲ್ಲಿ ಇರಲಿಲ್ಲ. ಸಹಿ ಒಂದು ಸಿಕ್ಕಿತಲ್ಲ, ಎಲ್ಲರೂ ಕೈ ತೊಳೆದುಕೊಂಡರು. ವರದಿಯ ಪ್ರತಿಯನ್ನು ನೋಟಿಸ್ ಬೋರ್ಡಿಗೂ ಅಂಟಿಸಿದರು. ನಕ್ಷೆ ಅಕ್ಕ ದಿನಾ ಅದರ ಮುಂದೆಯೇ ಹಾದು ಬಂದು ಕುರ್ಚಿಯಲ್ಲಿ ಕೂರುತ್ತಿದ್ದಳು. ಏಳನೇ ಪ್ರತಿ ಇನ್ನೂ ಅವಳ ಚೀಲದ ತಳದಲ್ಲೇ ಇತ್ತು. ಬಿಚ್ಚಿ ನೋಡುವುದಿರಲಿ, ಚೀಲ ಬದಲಾಯಿಸಲೂ ಅವಳಿಂದ ಆಗಿರಲಿಲ್ಲ.

ಮನೆಯಲ್ಲಿ ಅತ್ತೆಯದು ಒಂದೇ ಮಾತು. "ನನ್ನ ಮಗ ಗೊತ್ತಿದ್ದೂ ಕಾಲಿಡೋನಲ್ಲ. ಎಲ್ಲೋ ಏನೋ ತಪ್ಪಾಗಿದೆ. ಅವರು ಬರೆದಿದ್ದು ಸುಳ್ಳು." ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರು ತಲೆ ಅಲ್ಲಾಡಿಸಿ, ಹೊರಗೆ ಹೋಗಿ, ಹೆತ್ತ ಕರುಳು ಹಾಗೇ ಅನ್ನುತ್ತದೆ ಎನ್ನುತ್ತಿದ್ದರು. ಸೊಸೆ ಕೇಳಿಸಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಮಗನ ಫೋನನ್ನು ಅತ್ತೆ ದಿನಾ ಚಾರ್ಜಿಗೆ ಹಾಕಿ ತಮ್ಮ ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಈ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದಿದ್ದರು.

"ನೋಡು, ಇದರಲ್ಲೇನೋ ಬಂದಿದೆ. ನಿಮ್ಮನ್ನ ಸೇರಿಸಿಕೊಂಡಿದ್ದೀವಿ, ಇಲ್ಲಿ ಒತ್ತಿ ಅಂತ. ಒತ್ತಿದೆ."

"ಸೈಟಿಂದು ಅತ್ತೆ. ಪಟ್ಟಿ ಹಳೇದು, ನಾನೇ ಮಾಡಿಕೊಟ್ಟಿದ್ದು. ಹೆಸರು ತೆಗೆಸ್ತೀನಿ," ಎಂದಿದ್ದಳು.

ತರಬೇತಿ ಮುಗಿದು ಎಲ್ಲರೂ ಹೋದ ಮೇಲೆ ದೊಡ್ಡ ಎಂಜಿನಿಯರ್ ಕೂಡ ಮೇಜಿನ ಬಳಿ ನಿಂತು ಅದನ್ನೇ ಹೇಳಿದರು. "ಆ ಪುಟ ತೋರಿಸಬಾರದಿತ್ತು. ತಪ್ಪಾಯ್ತಮ್ಮ. ರಿಜಿಸ್ಟರ್ ಪೂರ್ತಿ ಸ್ಕ್ಯಾನ್ ಮಾಡಿ ಇವತ್ತೇ ಏರಿಸಿಬಿಡು. ಹಾಗೇ ಪಟ್ಟಿಯಿಂದ ಇಪ್ಪತ್ತನಾಲ್ಕನೇ ಹೆಸರು ತೆಗಿ."

"ಆಯ್ತು ಸರ್."

ರಿಜಿಸ್ಟರಿನಲ್ಲಿ ಇನ್ನೂರ ಹನ್ನೆರಡು ಪುಟ. ಯಂತ್ರದೊಳಗೆ ಒಂದು ಪುಟ ಹೋಗುತ್ತಿತ್ತು, ಬೆಳಕು ಓಡುತ್ತಿತ್ತು, ಪುಟ ಹೊರಗೆ ಬರುತ್ತಿತ್ತು. ಕೈ ತಾನಾಗಿಯೇ ಕೆಲಸ ಮಾಡಿತು. ಊಟದ ಹೊತ್ತು ಮೀರಿತು, ಡಬ್ಬಿ ತೆರೆಯಲಿಲ್ಲ. ನೂರ ಎಂಬತ್ತೇಳನೇ ಪುಟ ಬಂದಾಗ ಕೈ ನಿಂತಿತು. ಕಾಗದದಲ್ಲಿ ಇದ್ದಷ್ಟು ದಿನ ಇದು ಬೀರುವಿನೊಳಗಿನ ಸುಳ್ಳು. ಇನ್ನು ಅಳಿಸಲಾಗದ ಕಡೆ ಹೋಗಿ ಕೂರುತ್ತದೆ. ಕಟ್ಟಡ ನಿಂತು, ಜನ ಬಂದು ಹೋಗಿ, ತಾನು ಸತ್ತ ಮೇಲೂ, ಗುಂಡಿ ಒತ್ತಿದವರಿಗೆಲ್ಲ ಟೇಪಣ್ಣ ನೋಡದೆ ಕಾಲಿಟ್ಟವನಾಗಿಯೇ ಕಾಣುತ್ತಾನೆ. ಮೆಟ್ಟಿಲ ತಿರುವನ್ನೂ ಅಳೆದಿದ್ದ ಮನುಷ್ಯ.

ಅವಳಿಗೆ ದುಃಖವಾಗಲಿಲ್ಲ. ಬೇಕೆಂದರೂ ಆಗುತ್ತಿರಲಿಲ್ಲ. ಇದು ತಪ್ಪು ಪ್ರತಿ, ಇದನ್ನು ಹೀಗೇ ಹೊರಗೆ ಬಿಡಬಾರದು ಎಂದಷ್ಟೇ ಅನಿಸಿತು. ಆರು ವರ್ಷ ಅವಳು ಮಾಡಿದ ಕೆಲಸ ಅದೊಂದೇ.

ಚೀಲವನ್ನು ಮೇಜಿನ ಮೇಲೆ ಇಟ್ಟು, ತಳಕ್ಕೆ ಕೈ ಹಾಕಿ ನಕ್ಷೆಯನ್ನು ತೆಗೆದಳು. ಮಡಿಕೆ ಬಿಚ್ಚಿರಲಿಲ್ಲ. ಹೊರಮೈಯಲ್ಲಿ ಯಾವತ್ತೋ ಒಡೆದ ಟೊಮೆಟೊದ ಕಲೆ ಒಣಗಿತ್ತು. ಮೂಲೆಯಲ್ಲಿ ಅವಳೇ ಒತ್ತಿದ ಮುದ್ರೆ, ಪ್ರತಿ ಏಳು. ಮಡಚಿದಂತೆಯೇ ಅದನ್ನು ಸ್ಕ್ಯಾನ್ ಮಾಡಿದಳು, ಕಲೆಯ ಸಮೇತ. ನೂರ ಎಂಬತ್ತೇಳನೇ ಪುಟದ ಜೊತೆ ಅದನ್ನೂ ಏರಿಸಿ, ಕೆಳಗೆ ಬರೆದಳು:

'ಈ ಪುಟದ ಏಳನೇ ಸಹಿ ಅವರದಲ್ಲ. ನಾನು ಹಾಕಿದ್ದು. ನಕ್ಷೆ ಅವರ ಕೈಸೇರಲಿಲ್ಲ. ಆ ಸಂಜೆ ಕೊಡಲು ಮರೆತೆ, ನನ್ನ ಚೀಲದಲ್ಲೇ ಉಳಿಯಿತು. ಅವರಿಗೆ ಕಂಡಿಯ ವಿಷಯ ಗೊತ್ತಿರಲಿಲ್ಲ. ತಪ್ಪು ನನ್ನದು.'

ಕಳಿಸುವ ಮುಂಚೆ ಪಟ್ಟಿ ತೆರೆದುಕೊಂಡಿತು. ಇಪ್ಪತ್ತನಾಲ್ಕು ಹೆಸರು, ಇಪ್ಪತ್ತನಾಲ್ಕು ಗುರುತು. ಕೊನೆಯದು ಗಂಡನದು, ಆ ಗುರುತನ್ನು ತೆಗೆದರೆ ಸಾಕಿತ್ತು. ಕೆಲಸ ಹೋಗುತ್ತದೆ, ಪೊಲೀಸರು ಕರೆಯಬಹುದು, ಸೈಟಿನವರು ಮುಖ ತಿರುಗಿಸುತ್ತಾರೆ. ಅದೆಲ್ಲ ಹೇಗೋ ಆಗುತ್ತದೆ. ಅತ್ತೆಗೆ ಮಾತ್ರ ಗೊತ್ತಾಗದೆ ಇರಬಹುದು. ಆ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಅವರ ಕೈಯಿಂದ ದಿನಾ ಊಟ ಬಡಿಸಿಕೊಳ್ಳುವುದು, ದಿನಾ ಆ ಮಾತು ಕೇಳುವುದು, ದಿನಾ ಪಾತ್ರೆ ತೊಳೆಯುವುದು. ಬೆರಳು ತೆಗೆದು, ಗುರುತು ಇದ್ದಂತೆಯೇ ಕಳಿಸಿದಳು.

ಹೊರಗೆ ಎಲ್ಲೋ ಒಂದು ಫೋನು ಟಿಂಗ್ ಎಂದಿತು, ಮೇಲಿನ ಮಹಡಿಯಲ್ಲಿ ಇನ್ನೊಂದು. ಯಾರೂ ತೆರೆಯಲಿಲ್ಲ. ಎರಡು ಗಂಟೆ ಕಲಿಸಿದ್ದು ಎಷ್ಟು ತಲೆಗೆ ಹೋಗಿತ್ತೋ ದೇವರಿಗೇ ಗೊತ್ತು. ಪರದೆಯ ಮೇಲೆ ಇಪ್ಪತ್ತನಾಲ್ಕು ಹೆಸರೂ ಬೂದು ಬಣ್ಣದಲ್ಲೇ ಇದ್ದವು. ಐದು ನಿಮಿಷ ಕಳೆದಿರಬಹುದು. ಒಂದು ಹಸಿರಾಯಿತು. ಇಪ್ಪತ್ತನಾಲ್ಕನೆಯದು.

ಅವನ ಹೆಸರು, ಅದರ ಮುಂದೆ 'ನೋಡಿದ್ದಾರೆ' ಎಂದಿತ್ತು.

ಸ್ವಲ್ಪ ಹೊತ್ತಿಗೆ ಅವಳ ಫೋನು ಅಲುಗಿತು. ಪರದೆಯಲ್ಲಿ 'ಮನೆಯವರು' ಎಂದು ಬಂತು. ಅವಳು ಎತ್ತಿದಳು.

"ಓದಿದೆ," ಎಂದರು ಅತ್ತೆ.

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಅವನು ಗೊತ್ತಿದ್ದೂ ಕಾಲಿಡೋನಲ್ಲ ಅಂತ ನಾನು ಹೇಳ್ತಾನೇ ಇದ್ದೆ. ನೀನು ಕೇಳಿಸ್ಕೊಂಡು ಸುಮ್ನಿದ್ದೆ."

"ಹೂಂ ಅತ್ತೆ."

ಆ ಕಡೆ ಅತ್ತೆ ಉಸಿರೆಳೆದುಕೊಳ್ಳುವುದು ಕೇಳಿಸಿತು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಮನೆಗೆ ಬರಬೇಡ ಎಂದರೂ ಸರಿ, ಅದಕ್ಕೂ ಸಿದ್ಧಳಾಗಿದ್ದಳು.

"ಆ ಸಂಜೆ ಅಂತ ಬರೆದಿದ್ದೀಯಲ್ಲ," ಎಂದರು ಅತ್ತೆ. "ಅವತ್ತು ಜ್ವರ ಬಂದಿದ್ದು ನಂಗಲ್ವಾ?"

ಇದೊಂದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಜ್ವರದ ಮಾತನ್ನು ಬೇಕೆಂದೇ ಬರೆಯದೆ ಬಿಟ್ಟಿದ್ದಳು. ಇಡೀ ತಪ್ಪನ್ನು ತಾನೇ ಹೊತ್ತುಕೊಂಡೆ ಎಂದು ಅಂದುಕೊಂಡಿದ್ದಳು. ಮುದುಕಿ ತಲೆದಿಂಬಿನ ಪಕ್ಕ ಕೂತು, ಕೊನೆಯ ಸಂಜೆಯನ್ನು ನೆನೆಸಿಕೊಂಡು, ತಮ್ಮ ಪಾಲನ್ನು ತಾವೇ ಹುಡುಕಿ ತೆಗೆದುಕೊಂಡುಬಿಟ್ಟಿದ್ದರು.

"ಇಲ್ಲ ಅತ್ತೆ. ಜ್ವರದಿಂದ ಅಲ್ಲ. ನಾನು ಮರೆತಿದ್ದು," ಎಂದಳು. ಹೇಳುತ್ತಲೇ ಮೇಜಿನ ಅಂಚು ಹಿಡಿದುಕೊಂಡಳು. ಅಂಚು ಚೂಪಾಗಿತ್ತು, ಅಂಗೈ ನೋಯಿತು. ನೋವು ಗೊತ್ತಾಗಿ ಅವಳಿಗೆ ಹೆದರಿಕೆಯಾಯಿತು.

"ಆ ನಕ್ಷೆ ಎಲ್ಲಿದೆ?"

"ಇಲ್ಲೇ ಇದೆ ಅತ್ತೆ."

"ಮನೆಗೆ ತಗೊಂಡ್ ಬಾ. ಅವನಿಗೆ ಕೊಡಬೇಕಾಗಿದ್ದು, ಇಲ್ಲಿಗೇ ಬರ್ಲಿ." ಫೋನು ಇಟ್ಟರು.

ರದ್ದಾದ ನಕ್ಷೆ ಆಫೀಸಿನಿಂದ ಹೊರಗೆ ಹೋಗುವಂತಿಲ್ಲ ಎಂಬುದು ಅವಳೇ ಮಾಡಿದ ನಿಯಮ. ಇದು ರದ್ದಾಗಿರಲಿಲ್ಲ. ಪಡೆಯಬೇಕಾದವನು ಇನ್ನೂ ಪಡೆದಿರಲಿಲ್ಲ, ಅಷ್ಟೇ. ಅದನ್ನು ಚೀಲಕ್ಕೆ ಹಾಕಿಕೊಂಡು ಅವಳು ಎದ್ದಳು. ಬಾಗಿಲ ಹೊರಗೆ ಸೆಂಟ್ರಿಂಗ್ ಮೇಸ್ತ್ರಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಾ ನಿಂತಿದ್ದ. ತಲೆ ಎತ್ತಿ ಅವಳನ್ನು ನೋಡಿದ, ದಾರಿ ಬಿಟ್ಟ. ಅವಳು ಗೇಟು ದಾಟಿ, ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿಗೆ ಜನ ಇದ್ದಾರೆಂಬುದನ್ನೂ ನೋಡದೆ ಅತ್ತಳು. ಮೂರು ಬಸ್ಸು ಬಂದು ಹೋದವು. ನಾಲ್ಕನೆಯದಕ್ಕೆ ಹತ್ತಿದಳು.